ಮೆಂತ್ಯ ಹಾಕಿದ ಕಾಗದದ ಬುಟ್ಟಿ

ಮನೆಯಲ್ಲೇ ಓದುವ ಮಕ್ಕಳ ಕೈಗೆಲಸಕ್ಕೆ ಇದಕ್ಕಿಂತ ಅಗ್ಗದ್ದು ಸಿಗಲಿಕ್ಕಿಲ್ಲ. ಹಳೆಯ ಪೇಪರಿನ 10 ಹಾಳೆಗಳನ್ನು ಚೂರು ಮಾಡಿ ಎರಡು ದಿನ ನೆನೆಹಾಕಿ, ದಿನಕ್ಕೊಮ್ಮೆ ನೀರು ಬದಲಿಸಿ. ಮಿರಿಮಿರಿ ಹೊಳೆಯುವ ಪತ್ರಿಕೆಯ ಹಾಳೆ ಬೇಡ, ಸರಿಯಾಗಿ ನೆನೆಯುವುದಿಲ್ಲ. 50 ಗ್ರಾಂ ಮೆಂತ್ಯವನ್ನು ಬೇರೆಯಾಗಿ ರಾತ್ರಿಯಿಡೀ ನೆನೆಸಿ. ಅದರ ಲೋಳೆಯೇ ಇಲ್ಲಿ ಅಂಟು.

ಕಾಗದವನ್ನು ಹಿಂಡಿ, ಮೆಂತ್ಯದ ಜೊತೆ ರುಬ್ಬಿ. ಮಿಕ್ಸಿಯಾದರೆ ಸ್ವಲ್ಪಸ್ವಲ್ಪವೇ ಹಾಕಬೇಕು, ಇಲ್ಲವಾದರೆ ಮೋಟಾರು ಬಿಸಿಯಾಗುತ್ತದೆ. ಒರಳಿದ್ದರೆ ಮಕ್ಕಳಿಗೇ ಕೊಡಿ, ಅರ್ಧ ಮಜಾ ಅಲ್ಲೇ ಇದೆ. ಹಿಟ್ಟು ಚಪಾತಿ ಹದಕ್ಕೆ ಬರಬೇಕು. ಮುಷ್ಟಿಯಲ್ಲಿ ಒತ್ತಿದಾಗ ನೀರು ಜಿನುಗಿದರೆ ಇನ್ನಷ್ಟು ಹಿಂಡಿ.

ಬೋರಲು ಹಾಕಿದ ಪಾತ್ರೆಗೆ ಒದ್ದೆ ತೆಳು ಬಟ್ಟೆ ಹೊದಿಸಿ, ಮೇಲೆ ಕಾಲು ಇಂಚು ದಪ್ಪಕ್ಕೆ ತಟ್ಟಿ. ಮಕ್ಕಳು ತಳಕ್ಕೆ ದಪ್ಪ ಮೆತ್ತಿ ಅಂಚನ್ನು ತೆಳು ಬಿಡುತ್ತಾರೆ. ಬಿರುಕು ಏಳುವುದು ಆ ಅಂಚಿನಲ್ಲೇ. ಮೊದಲ ದಿನ ನೆರಳು, ಆಮೇಲೆ ಬಿಸಿಲು. ನೇರ ಬಿಸಿಲಿಗಿಟ್ಟರೆ ಹೊರಮೈ ಮೊದಲು ಕುಗ್ಗಿ ಸೀಳುತ್ತದೆ. ಅರೆ ಒಣಗಿದಾಗ ಪಾತ್ರೆಯಿಂದ ಬಿಡಿಸಿ, ಒಳಮೈಗೂ ಗಾಳಿಯಾಡಲಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ, ಬೂಷ್ಟು ಖಂಡಿತ.