ನಾಲ್ಕು ದನಿಯ ಕಾದಂಬರಿ: ಎರಡನೇ ಭಾಗದ ಕರಡು ಮುಗಿಯಿತು

ಎರಡನೇ ಭಾಗದ ಕರಡು ಮುಗಿದಿದೆ. ಹೊಸದಾಗಿ ಓದುತ್ತಿರುವವರಿಗೆ ಕಥೆ ಇಷ್ಟೇ: ಮಳೆಯ ರಾತ್ರಿ ಒಂದು ಹಳೇ ಸೇತುವೆ ಕುಸಿಯುತ್ತದೆ. ಅದನ್ನು ಹೇಳೋದು ನಾಲ್ಕು ದನಿ. ಸೇತುವೆಯ ತಪಾಸಣೆ ಮಾಡಿದ್ದ ಎಂಜಿನಿಯರ್, ಗಂಡನ ದಾರಿ ಕಾಯುತ್ತಿರುವ ಹೆಂಗಸು, ಕುಸಿಯುವುದನ್ನು ಕಣ್ಣಾರೆ ಕಂಡ ಹುಡುಗ, ಮತ್ತೆ ‘ನಾವು’ ಅಂತಲೇ ಮಾತಾಡುವ ಊರಿನ ಜನ.

ಈ ಸಲದ ದೊಡ್ಡ ಕೆಲಸ, ಅಧ್ಯಾಯಗಳ ಮೇಲಿದ್ದ ಹೆಸರುಗಳನ್ನು ತೆಗೆದದ್ದು. ಅಮೆರಿಕದ ಕಾದಂಬರಿಕಾರ ವಿಲಿಯಂ ಫಾಕ್ನರ್ 1930ರ ‘ಆ್ಯಸ್ ಐ ಲೇ ಡೈಯಿಂಗ್’ ಕಾದಂಬರಿಯಲ್ಲಿ 15 ಜನರ ಬಾಯಲ್ಲಿ 59 ಅಧ್ಯಾಯ ಹೇಳಿಸಿದ್ದಾರೆ, ಪ್ರತಿಯೊಂದರ ಮೇಲೂ ಹೇಳುವವರ ಹೆಸರಿದೆ. ಅಷ್ಟು ಜನ ಇದ್ದಾಗ ಹೆಸರು ಬೇಕು. ನಾಲ್ಕೇ ಜನ ಇದ್ದಾಗ ಎರಡನೇ ಸಾಲಿನೊಳಗೆ ಯಾರು ಅಂತ ಓದುಗರಿಗೆ ಗೊತ್ತಾಗಲೇಬೇಕು ಅನ್ನೋದು ನನ್ನ ಹಠ. ಒಂದೊಂದು ದನಿಗೆ ಒಂದೊಂದು ಫಾಂಟ್ ಕೊಡು ಅಂತ ಗೆಳೆಯರು ಹೇಳಿದರು. ಫಾಕ್ನರ್‌ಗೇ 1929ರ ‘ದಿ ಸೌಂಡ್ ಅಂಡ್ ದಿ ಫ್ಯೂರಿ’ಯಲ್ಲಿ ಕಾಲ ಹಿಂದೆ ಮುಂದೆ ಹೋಗುವುದನ್ನು ಬಣ್ಣದ ಶಾಯಿಯಲ್ಲಿ ತೋರಿಸುವ ಆಸೆ ಇತ್ತು, ಆಗ ಅದು ಕೈಗೂಡಲಿಲ್ಲ, ಅಂಥ ಆವೃತ್ತಿ ಬಂದದ್ದು 2012ರಲ್ಲಿ. ಆದರೆ ಅಲ್ಲಿವರೆಗೂ ಜನ ಅದನ್ನು ಕಪ್ಪು ಶಾಯಿಯಲ್ಲೇ ಓದಿದರಲ್ವಾ? ಹಾಗಾಗಿ ಫಾಂಟ್ ಬೇಡ, ವಾಕ್ಯವೇ ಕೆಲಸ ಮಾಡಲಿ.

ಒಬ್ಬೊಬ್ಬರಿಗೆ ಒಂದೊಂದು ಆಡುಭಾಷೆ ಕೊಟ್ಟರೆ ದನಿ ಬೇರೆಯಾಗುತ್ತದೆ ಅನ್ನೋದನ್ನು ನಾನು ಒಪ್ಪಲ್ಲ. ಕ್ರಿಯಾಪದ ಎಲ್ಲಿ ನಿಲ್ಲುತ್ತದೆ, ಯಾರ ಹೆಸರಲ್ಲಿ ನಿಲ್ಲುತ್ತದೆ ಅನ್ನೋದೇ ಜಾಸ್ತಿ ಮುಖ್ಯ. ಹೆಂಗಸಿನ ಅಧ್ಯಾಯ ಹೀಗೆ ಶುರುವಾಗುತ್ತದೆ:

“ದೀಪ ಹಚ್ಚಿ, ಬಾಗಿಲಿಗೆ ಬಂದು, ದಾರಿ ನೋಡಿ, ಮತ್ತೆ ಒಳಗೆ ಹೋಗಿ, ತೊಳೆದ ಪಾತ್ರೆಯನ್ನೇ ಇನ್ನೊಮ್ಮೆ ತೊಳೆದು, ಒರೆಸಿ, ಮಳೆ ಸದ್ದು ಕೇಳಿ, ಮತ್ತೆ ಬಾಗಿಲಿಗೆ ಬಂದು...”

ಪುಟಗಟ್ಟಲೆ ಇದೇ ರೀತಿ, ಎಲ್ಲೂ ಪೂರ್ಣವಿರಾಮ ಇಲ್ಲ. ಸುದ್ದಿ ಬಂದಾಗ ಮಾತ್ರ ವಾಕ್ಯ ಮುಗಿಯುತ್ತದೆ, “ಕೂತೆ” ಅಂತ. ಕನ್ನಡದಲ್ಲಿ ಹೀಗೆ ಕೊಂಡಿ ಹಾಕುತ್ತಾ ಎಷ್ಟು ದೂರ ಬೇಕಾದರೂ ಹೋಗಬಹುದು. ಕಾಯುವವರ ದನಿಗೆ ಇದಕ್ಕಿಂತ ಒಳ್ಳೇ ಸಾಧನ ನನಗೆ ಸಿಕ್ಕಿಲ್ಲ.

ಎಂಜಿನಿಯರ್ ಇದಕ್ಕೆ ಪೂರ್ತಿ ಉಲ್ಟಾ: “ಮೂರನೇ ಕಂಬದ ಬುಡ ಪರಿಶೀಲಿಸಲಾಯಿತು. ಅಡಿಪಾಯದ ಸುತ್ತ ಮಣ್ಣು ಕೊರೆದಿರುವುದು ಕಂಡುಬಂದಿತು. ವರದಿ ಕಳುಹಿಸಲಾಯಿತು.” ಪ್ರವಾಹದ ನೀರು ಕಂಬದ ಬುಡದ ಮಣ್ಣನ್ನು ಕೊಚ್ಚಿಕೊಂಡು ಹೋಗುವುದು ಸೇತುವೆ ಬೀಳಲು ನಿಜವಾಗಿಯೂ ಒಂದು ದೊಡ್ಡ ಕಾರಣ, ಮೇಲೆ ನಿಂತು ನೋಡಿದರೆ ಏನೂ ಕಾಣಲ್ಲ. ಈ ಮನುಷ್ಯನ ವಾಕ್ಯಗಳೂ ಹಾಗೇ ಇರಬೇಕು. ಎಲ್ಲಾ ಕೆಲಸ ತಾನಾಗಿಯೇ ಆಗಿದೆ, ಮಾಡಿದವರು ಯಾರೂ ಇಲ್ಲ.

ಇವನನ್ನು ಊರಿನವರು ‘ಸಾಹೇಬರು’ ಅನ್ನುತ್ತಾರೆ, ಹುಡುಗ ‘ಟೇಪು ಮಾಮ’ ಅನ್ನುತ್ತಾನೆ, ಹೆಂಗಸು ಬರೀ ‘ಅವನು’. ಮೂವರೂ ಒಬ್ಬನೇ ಅಂತ ನಾನು ಎಲ್ಲೂ ಹೇಳಿಲ್ಲ. ಕರಡು ಓದಿದವರಿಗೆ ಅದು ಹೊಳೆದದ್ದು ಬೇರೆ ಬೇರೆ ಪುಟಗಳಲ್ಲಿ, ಅದು ನನಗೆ ತುಂಬಾ ಖುಷಿ ಕೊಟ್ಟಿತು.

ಹುಡುಗನ ದನಿ ಇನ್ನೂ ಕಷ್ಟ. ಚಿಕ್ಕ ವಾಕ್ಯ ಬರೆದ ಮಾತ್ರಕ್ಕೆ ಅದು ಮಗುವಿನ ದನಿ ಆಗಲ್ಲ. ಅವನು ಕಾರಣ ಹುಡುಕಬಾರದು. ‘ಯಾಕಂದ್ರೆ’, ‘ಆದ್ದರಿಂದ’ ಎಲ್ಲಾ ಹೊಡೆದುಹಾಕುತ್ತಿದ್ದೇನೆ: “ಲಾರಿ ಬಂತು. ದೀಪ ಎರಡು. ಆಮೇಲೆ ಒಂದು. ಆಮೇಲೆ ನೀರು.” ‘ನಾವು’ ದನಿ ಸದ್ಯಕ್ಕೆ ಸರಿಯಿದೆ, ಅದನ್ನು ಮುಟ್ಟುತ್ತಿಲ್ಲ.

ಮೂರನೇ ಭಾಗದಲ್ಲಿ ಎಂಜಿನಿಯರ್ ಮೊದಲ ಸಲ ‘ನಾನು’ ಅನ್ನುತ್ತಾನೆ: “ನಾನು ನೋಡಿದ್ದೆ.” ಅದು ಹುಡುಗನ ಸಾಕ್ಷಿಗೆ ಮೊದಲು ಬರಬೇಕಾ, ಆಮೇಲಾ? ಮೊದಲು ಬಂದರೆ ಅದು ತಪ್ಪೊಪ್ಪಿಗೆ, ಆಮೇಲೆ ಬಂದರೆ ಸಿಕ್ಕಿಬಿದ್ದವನ ಮಾತು. ಎರಡೂ ಕ್ರಮದಲ್ಲಿ ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದೇನೆ. ಸದ್ಯಕ್ಕೆ ಮನಸ್ಸು ಮೊದಲನೇ ಕ್ರಮದ ಕಡೆಗಿದೆ, ಯಾರೂ ಕೇಳದೇ ಇದ್ದಾಗಲೂ ಅವನು ಅದನ್ನು ಹೇಳಲಿ ಅಂತ.