ಮೈದಾ ತಟ್ಟೆಯಲ್ಲಿ ಪುನರ್ವಸು ಮಳೆ

ಜುಲೈ 14, 2024, ಭಾನುವಾರ
ಮೇಗರವಳ್ಳಿ ಹತ್ತಿರ, ಮನೆಯಲ್ಲಿ

ನಿನ್ನೆ ರಾತ್ರಿಯಿಂದ ಕರೆಂಟ್ ಇಲ್ಲ. ಪುನರ್ವಸು ಮಳೆ ಒಂದೇ ಸಮನೆ ಹೊಯ್ಯುತ್ತಿದೆ. ಲ್ಯಾಪ್‌ಟಾಪ್‌ನಲ್ಲಿ ಉಳಿದಿರುವ ಚಾರ್ಜ್ ಮುಗಿಯುವುದರೊಳಗೆ ಇದನ್ನು ಬರೆದಿಡಬೇಕು. ಇವತ್ತು ನನ್ನ ಗ್ರಾಫ್ ಬಂತು, ನಮ್ಮ ಅಂಗಳಕ್ಕೆ ಬಿದ್ದ ಮಳೆ ಹನಿಗಳ ಗಾತ್ರದ್ದು. ಲ್ಯಾಬ್ ರೆಕಾರ್ಡಿಗೆ ಹಾಕಿದ್ದಲ್ಲ. ಏನು ಬರಬೇಕು ಅಂತ ಯಾರೂ ಮೊದಲೇ ಹೇಳಿಕೊಡದ ಗ್ರಾಫ್.

ನಾನು ಶಿವಮೊಗ್ಗದಲ್ಲಿ ಬಿಎಸ್ಸಿ ಮಾಡುತ್ತಿದ್ದೇನೆ, ಈಗ ಎರಡನೇ ವರ್ಷ. ಬೇಸಿಗೆ ರಜೆಯಲ್ಲಿ ಎಲ್ಲಾದರೂ ರಿಸರ್ಚ್ ಅನುಭವ ಸಿಗಲಿ ಅಂತ ಡಿಸೆಂಬರಿನಿಂದ ಪ್ರೊಫೆಸರ್‌ಗಳಿಗೆ ಮೇಲ್ ಹಾಕಿದ್ದೆ. ಒಟ್ಟು 23. ಬ್ಲ್ಯಾಕ್ ಹೋಲ್ ಬಗ್ಗೆ ಕೆಲಸ ಮಾಡುವವರಿಗೂ ಲೇಸರ್ ಬಗ್ಗೆ ಕೆಲಸ ಮಾಡುವವರಿಗೂ ಅದೇ ಮೇಲ್: ನನಗೆ ಫಿಸಿಕ್ಸ್ ಅಂದರೆ ತುಂಬಾ ಇಷ್ಟ, ಯಾವ ಕೆಲಸ ಕೊಟ್ಟರೂ ಮಾಡುತ್ತೇನೆ. ಇಬ್ಬರು ಜಾಗ ಇಲ್ಲ ಅಂತ ಬರೆದರು. ಉಳಿದವರಿಂದ ಸುದ್ದಿಯೇ ಇಲ್ಲ. ದಿನಾ ರಾತ್ರಿ ಹಾಸ್ಟೆಲಿನಲ್ಲಿ ಮೇಲ್ ತೆಗೆದು ನೋಡಿ ಮಲಗುತ್ತಿದ್ದೆ. ಚಿಕ್ಕ ಊರಿನ ಕಾಲೇಜು ಅಂತ ಹೀಗೆ ಅಂದುಕೊಂಡಿದ್ದೆ.

ಏಪ್ರಿಲ್‌ನಲ್ಲಿ ನಮ್ಮ ಫಿಸಿಕ್ಸ್ ಮೇಡಂಗೆ ಆ ಮೇಲ್ ತೋರಿಸಿದೆ. ಎರಡು ಸಲ ಓದಿದರು. "ಇದರಲ್ಲಿ ನೀನು ಎಲ್ಲಿದ್ದೀಯಮ್ಮಾ? ನಿನಗೆ ಏನು ತಿಳ್ಕೋಬೇಕು ಅಂತಿದೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಬೈಯಲಿಲ್ಲ, ಆದರೂ ಆ ಮಾತು ಸುಮಾರು ದಿನ ಚುಚ್ಚುತ್ತಲೇ ಇತ್ತು.

ಪ್ರಶ್ನೆ ಸಿಕ್ಕಿದ್ದು ಅಪ್ಪನಿಂದ. ನಮ್ಮ ಮನೆ ಅಂಗಳದಲ್ಲಿ ಮಳೆ ಅಳೆಯುವ ಡಬ್ಬಿ ಇದೆ. 1998ರಿಂದ ಅಪ್ಪ ಪ್ರತಿದಿನ ಬೆಳಗ್ಗೆ ಇಂಚಿನ ಲೆಕ್ಕ ಬರೆದಿಡುತ್ತಾರೆ. ಈ ಕಡೆ ತೋಟದವರಿಗೆ ಇದು ಹೊಸದೇನಲ್ಲ, ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ಔಷಧಿ ಹೊಡೆಯುವ ದಿನ ಗೊತ್ತುಮಾಡೋಕೆ ಬೇಕೇ ಬೇಕು. ಜೂನ್ ಕೊನೆಯಲ್ಲಿ ಒಂದು ದಿನ ಬಸಿಗಾಲುವೆ ಹತ್ತಿರ ನಿಂತು ಅಪ್ಪ ಹೇಳಿದರು: "ಮೊನ್ನೆಯೂ ಮೂರು ಇಂಚು, ಇವತ್ತೂ ಮೂರು ಇಂಚು. ಮೊನ್ನೆ ನೀರು ತಿಳಿಯಾಗೇ ಹೋಯ್ತು. ಇವತ್ತು ನೋಡು, ಕೆಂಪಗೆ ಮಣ್ಣೆಲ್ಲ ಹೊತ್ಕೊಂಡು ಹೋಗ್ತಾ ಇದೆ. ಅಳತೆ ಒಂದೇ ಇದ್ರೂ ಮಳೆ ಹೊಡೆತ ಬೇರೆ ಇರ್ತದೆ."

ಹೊಡೆತ. ಅದನ್ನು ಅಳೆಯೋಕೆ ಆಗುತ್ತಾ?

ಹೊಡೆತ ಅಂದರೆ ಹನಿಯ ಚಲನ ಶಕ್ತಿ. ಅದಕ್ಕೆ ಹನಿಯ ಗಾತ್ರ ಗೊತ್ತಾಗಬೇಕು, ಬೀಳುವ ವೇಗ ಗೊತ್ತಾಗಬೇಕು. ವೇಗವನ್ನು ಗನ್ ಮತ್ತು ಕಿಂಜರ್ ಅನ್ನುವವರು 1949ರಲ್ಲೇ ಅಳೆದು ಪಟ್ಟಿ ಕೊಟ್ಟಿದ್ದಾರೆ. 2 ಮಿ.ಮೀ. ಹನಿ ಸೆಕೆಂಡಿಗೆ ಸುಮಾರು 6.5 ಮೀಟರ್ ವೇಗದಲ್ಲಿ ಬೀಳುತ್ತದೆ, 4 ಮಿ.ಮೀ. ಹನಿ ಸುಮಾರು 8.8. ಲೆಕ್ಕ ಹಾಕಿ ನೋಡಿದೆ. ದೊಡ್ಡ ಹನಿಯ ತೂಕ ಎಂಟು ಪಟ್ಟು, ಶಕ್ತಿ ಹೆಚ್ಚುಕಡಿಮೆ ಹದಿನೈದು ಪಟ್ಟು. ಅಂದರೆ ಒಂದೇ ಇಂಚು ಮಳೆ ಚಿಕ್ಕ ಹನಿಗಳ ಬದಲು ದೊಡ್ಡ ಹನಿಗಳಾಗಿ ಬಿದ್ದರೆ, ನೀರು ಅಷ್ಟೇ, ಪೆಟ್ಟು ಸುಮಾರು ಎರಡರಷ್ಟು. ಅಪ್ಪನ ಮಾತಿಗೆ ಇಲ್ಲೇ ಒಂದು ದಾರಿ ಕಾಣಿಸಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಗಾತ್ರ ಅಳೆಯೋದು ಹೇಗೆ? ಮಾರುಕಟ್ಟೆಯಲ್ಲಿ ಡಿಸ್‌ಡ್ರೋಮೀಟರ್ ಅಂತ ಉಪಕರಣ ಇದೆ, ನಮ್ಮ ಕೈಗೆ ಎಟುಕುವುದಲ್ಲ. ಹುಡುಕುತ್ತಾ ಹೋದಾಗ ವಿಲ್ಸನ್ ಬೆಂಟ್ಲಿ ಸಿಕ್ಕಿದರು. ಅಮೆರಿಕದ ವರ್ಮಾಂಟ್‌ನ ರೈತ. ಹಿಮದ ಹರಳುಗಳ ಫೋಟೋ ತೆಗೆದು ಹೆಸರಾದವರು. ಮಳೆ ಹನಿ ಬಗ್ಗೆ ಅವರು 1904ರಲ್ಲಿ ಬರೆದ ಲೇಖನ ಇದೆ. ಅವರ ಉಪಾಯ ಇಷ್ಟು: ತಟ್ಟೆಯಲ್ಲಿ ಒಂದು ಇಂಚು ದಪ್ಪಕ್ಕೆ ಜರಡಿ ಹಿಡಿದ ಹಿಟ್ಟು ಹರಡಿ, ಕೆಲವೇ ಸೆಕೆಂಡು ಮಳೆಗೆ ಹಿಡಿಯೋದು. ಒಂದೊಂದು ಹನಿಯೂ ಒಂದೊಂದು ಹಿಟ್ಟಿನ ಉಂಡೆಯಾಗುತ್ತದೆ. ಒಣಗಿಸಿ ಅಳೆಯೋದು. ಅಪ್ಪನಿಗೆ ಹೇಳಿದಾಗ ಅವರು ಕೇಳಿದ ಮೊದಲ ಮಾತು, "ಅವನೂ ರೈತನಾ?"

ಉಂಡೆ ಎಷ್ಟು ದಪ್ಪ ಇದ್ದರೆ ಹನಿ ಎಷ್ಟು ದೊಡ್ಡದು ಅನ್ನೋದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕಲ್ವಾ? ಅಜ್ಜಿಯ ಇನ್ಸುಲಿನ್‌ಗೆ ತಂದ ಹೊಸ ಸಿರಿಂಜ್ ಒಂದನ್ನು ಕೇಳಿ ತಗೊಂಡೆ. ಅರ್ಧ ಎಂ.ಎಲ್. ನೀರಿಗೆ 105 ಹನಿ ಬಿತ್ತು. ಅಂದರೆ ಒಂದೊಂದು ಹನಿ ಸುಮಾರು 2.1 ಮಿ.ಮೀ. ಇಂಕ್ ಫಿಲ್ಲರ್‌ನಲ್ಲಿ ಒಂದು ಎಂ.ಎಲ್.ಗೆ 20 ಹನಿ, ಒಂದೊಂದೂ 4.6 ಮಿ.ಮೀ. ಅಟ್ಟದ ಮೇಲೆ ಕೂತು, ಕೆಳಗೆ ಇಟ್ಟ ಮೈದಾ ತಟ್ಟೆಗೆ ಹನಿ ಬಿಟ್ಟೆ. ಅಜ್ಜಿ ಕೆಳಗಿನಿಂದ, "ಎಂತ ಮಾಡ್ತಿದ್ದೀಯೇ ಮಾರಾಯ್ತಿ, ಒಳ್ಳೆ ಹಿಟ್ಟು ಹಾಳು ಮಾಡ್ತಾ?" ಅಂದರು. ಆಮೇಲೆ ಅವರೇ ಉಂಡೆಗಳನ್ನು ಬಚ್ಚಲ ಒಲೆ ಮೇಲೆ ಒಣಗಿಸಿಕೊಟ್ಟರು. ಈ ಮಳೆಗಾಲದಲ್ಲಿ ಬೇರೆಲ್ಲೂ ಏನೂ ಒಣಗೋದಿಲ್ಲ.

ಜೋರು ಮಳೆಯಲ್ಲಿ ತಟ್ಟೆಯನ್ನು ಎರಡು ಸೆಕೆಂಡಿಗಿಂತ ಜಾಸ್ತಿ ಬಿಡುವ ಹಾಗಿಲ್ಲ, ಉಂಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಎರಡು ಸೆಕೆಂಡನ್ನು ಕೈಯಲ್ಲಿ ಅಳೆದರೆ ತಪ್ಪು ಜಾಸ್ತಿ. ನನ್ನ ತಮ್ಮ ಮೊಬೈಲಿನಲ್ಲಿ ವಿಡಿಯೋ ಮಾಡಿದ. ತಟ್ಟೆಯ ಮುಚ್ಚಳ ತೆಗೆದಾಗಿನಿಂದ ಮತ್ತೆ ಹಾಕೋವರೆಗೆ 61 ಫ್ರೇಮ್. ಸೆಕೆಂಡಿಗೆ 30 ಫ್ರೇಮ್ ಲೆಕ್ಕದಲ್ಲಿ ಎರಡು ಸೆಕೆಂಡಿಗೆ ಚೂರು ಜಾಸ್ತಿ. ಅದೇ ಕಾಲು ಗಂಟೆಯಲ್ಲಿ ಅಪ್ಪನ ಡಬ್ಬಿಯಲ್ಲಿ 10 ಮಿ.ಮೀ. ಮಳೆ. ಗ್ರಾಫ್ ಶೀಟಿನ ಮೇಲೆ ಉಂಡೆಗಳನ್ನು ಹರಡಿಕೊಂಡು ಎಣಿಸಿದೆ. 412.

ಗ್ರಾಫ್ ಮೊದಲು ಸರಿ ಬರಲಿಲ್ಲ. 1948ರಲ್ಲಿ ಮಾರ್ಷಲ್ ಮತ್ತು ಪಾಮರ್ ಅನ್ನುವವರು ತೋರಿಸಿದ್ದ ಪ್ರಕಾರ, ಒಂದೊಂದು ಗಾತ್ರದ ಹನಿಗಳ ಸಂಖ್ಯೆಯ ಲಾಗ್ (ಲಾಗರಿದಮ್) ತೆಗೆದು ಗಾತ್ರಕ್ಕೆ ಎದುರಾಗಿ ಹಾಕಿದರೆ ಸರಳರೇಖೆ ಸಿಗಬೇಕು. ನನ್ನದು ಎಲ್ಲೂ ಅವರ ರೇಖೆಗೆ ಹೊಂದಲಿಲ್ಲ. ಎರಡು ದಿನ ಹಿಟ್ಟಿನ ಮೇಲೆ, ತಮ್ಮನ ಮೇಲೆ, ಎಣಿಕೆಯ ಮೇಲೆ ಸಂಶಯಪಟ್ಟೆ. ಮೊನ್ನೆ ಕಾಲೇಜಿನಲ್ಲಿ ಮೇಡಂ ನೋಟ್‌ಬುಕ್ ನೋಡಿ ಒಂದೇ ಪ್ರಶ್ನೆ ಕೇಳಿದರು. "ನೀನು ಎಣಿಸಿದ್ದು ತಟ್ಟೆಗೆ ಬಿದ್ದ ಹನಿ. ಅವರು ಹೇಳ್ತಿರೋದು ಗಾಳಿಯಲ್ಲಿ ಇರೋ ಹನಿ. ಎರಡೂ ಒಂದೇನಾ?"

ಅಲ್ಲ. ದೊಡ್ಡ ಹನಿ ಬೇಗ ಬರುತ್ತದೆ, ಹಾಗಾಗಿ ಎರಡು ಸೆಕೆಂಡಿನಲ್ಲಿ ಜಾಸ್ತಿ ಎತ್ತರದಿಂದ ಬಂದು ತಟ್ಟೆ ಸೇರುತ್ತದೆ. ಒಂದೊಂದು ಗಾತ್ರದ ಸಂಖ್ಯೆಯನ್ನೂ ಅದರದರ ವೇಗದಿಂದ ಭಾಗಿಸಬೇಕಿತ್ತು. ಇವತ್ತು ಬೆಳಗ್ಗೆ ಚಿಮಣಿ ದೀಪ ಇಟ್ಟುಕೊಂಡು ಎಲ್ಲ ಮತ್ತೆ ಲೆಕ್ಕ ಮಾಡಿದೆ. 1.5 ಮಿ.ಮೀ.ಗಿಂತ ದೊಡ್ಡ ಹನಿಗಳೆಲ್ಲ ಒಂದು ಗೆರೆಯಲ್ಲಿ ಬಂದು ಕೂತವು. ಗಾತ್ರ ಒಂದು ಮಿ.ಮೀ. ಹೆಚ್ಚಿದರೆ ಸಂಖ್ಯೆ ಸುಮಾರು ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. ಮಾರ್ಷಲ್ ಮತ್ತು ಪಾಮರ್ ಅವರ ಸೂತ್ರಕ್ಕೆ ತುಂಬಾ ಹತ್ತಿರ. ನಮ್ಮ ಅಂಗಳದ ಮಳೆ! ಕಣ್ಣಲ್ಲಿ ನೀರು ಬಂತು ಅಂತ ಬರೆಯೋಕೆ ನನಗೆ ನಾಚಿಕೆಯಿಲ್ಲ.

ಸಣ್ಣ ಹನಿಗಳು ಗೆರೆಯಿಂದ ಕೆಳಗೆ ಉಳಿದಿವೆ. ಅವರ ಅಳತೆಯಲ್ಲೂ ಸಣ್ಣ ಹನಿಗಳು ಸೂತ್ರಕ್ಕಿಂತ ಕಡಿಮೆಯೇ ಇದ್ದವು. ಆದರೆ ಹಿಟ್ಟಿನಿಂದ ಉಂಡೆ ಬೇರೆ ಮಾಡುವಾಗ ನನ್ನ ಜರಡಿಯಲ್ಲಿ ಸಣ್ಣ ಉಂಡೆಗಳು ತಪ್ಪಿಹೋಗಿರಲೂಬಹುದು. ಅದನ್ನು ಬೇರೆ ನೋಡಬೇಕು. ಅಡಿಕೆ ಮರದ ಕೆಳಗೂ ಒಂದು ತಟ್ಟೆ ಇಟ್ಟಿದ್ದೆ. ಸೋಗೆ ತುದಿಯಿಂದ ತೊಟ್ಟಿಕ್ಕುವ ಹನಿಗಳು 5 ಮಿ.ಮೀ. ಆಸುಪಾಸು ಇವೆ, ಅಂಗಳದಲ್ಲಿ ಅಷ್ಟು ದೊಡ್ಡದು ಸಿಕ್ಕಿದ್ದು ಒಂದೇ ಒಂದು. ಹಾಗಾದರೆ ತೋಟದ ಮಣ್ಣಿಗೆ ಬೀಳುವ ಹೊಡೆತ ಮಳೆಯದೋ, ಮರದ್ದೋ? ಕೊಳೆ ರೋಗ ಕೂಡ ಸಿಡಿಯುವ ನೀರಿನಿಂದ ಹರಡುತ್ತದೆ. ಅಪ್ಪನಿಗೆ ಈಗ ನನಗಿಂತ ಜಾಸ್ತಿ ಆತುರ.

ಮುಂದೆ ಏನು ಓದಬೇಕು ಅನ್ನೋದು ಪೂರ್ತಿ ತೀರ್ಮಾನ ಆಗಿಲ್ಲ. ಐಐಟಿಯಂಥ ಕಡೆ ಎಂಎಸ್ಸಿ ಸೇರೋಕೆ ಜ್ಯಾಮ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಲೇಬೇಕು, ಅದಕ್ಕೆ ಓದುತ್ತಿದ್ದೇನೆ. ಆದರೆ ಫಿಸಿಕ್ಸ್ ರಿಸರ್ಚ್ ಅಂದರೆ ಬ್ಲ್ಯಾಕ್ ಹೋಲ್ ಮಾತ್ರ ಅಂದುಕೊಂಡಿದ್ದವಳಿಗೆ, ಬೆಂಗಳೂರಿನ ಐಐಎಸ್‌ಸಿಯಲ್ಲಿ ವಾತಾವರಣ ಮತ್ತು ಸಾಗರ ವಿಜ್ಞಾನಕ್ಕೇ ಒಂದು ವಿಭಾಗ ಇದೆ ಅನ್ನೋದು ಗೊತ್ತೇ ಇರಲಿಲ್ಲ. ಪುಣೆಯ ಹವಾಮಾನ ಸಂಸ್ಥೆಯವರು ಮಹಾಬಲೇಶ್ವರದಲ್ಲಿ ಮೋಡಗಳಿಗೇ ಒಂದು ಪ್ರಯೋಗಾಲಯ ಇಟ್ಟಿದ್ದಾರೆ. ಅದೂ ನಮ್ಮ ಘಟ್ಟದ ಸಾಲೇ. ಆಗುಂಬೆ ನಮ್ಮ ಮನೆಗೆ ಇಷ್ಟು ಹತ್ತಿರ ಇದೆ, ವರ್ಷಕ್ಕೆ ಸರಾಸರಿ 7000 ಮಿ.ಮೀ. ದಾಟುವ ಮಳೆ. ಇಲ್ಲಿ ಕೂತು ನಾನು ದೂರದವರಿಗೆ ಕೆಲಸ ಕೊಡಿ ಅಂತ ಬರೆಯುತ್ತಿದ್ದೆ. ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಎರಡು ತಿಂಗಳ ಬೇಸಿಗೆ ಫೆಲೋಶಿಪ್‌ಗೂ ಈ ಸಲ ಅರ್ಜಿ ಹಾಕುತ್ತೇನೆ. ಪತ್ರ ಕೊಡ್ತೀನಿ ಅಂತ ಮೇಡಂ ಹೇಳಿದ್ದಾರೆ.

ಇವತ್ತು ಮಧ್ಯಾಹ್ನ ಹೊಸ ಮೇಲ್ ಬರೆದೆ. ಒಬ್ಬರಿಗೇ. ಅವರ ಮಳೆ ಕುರಿತ ಪೇಪರ್ ಒಂದನ್ನು ಮೂರು ಸಲ ಓದಿದ್ದೇನೆ, ಅರ್ಥವಾಗದ ಎರಡು ಜಾಗ ಗುರುತು ಹಾಕಿಕೊಂಡಿದ್ದೇನೆ. ಗ್ರಾಫಿನ ಫೋಟೋ ಜೊತೆಗಿದೆ. ಕೇಳಿರೋದು ಒಂದೇ: ಸಣ್ಣ ಹನಿಗಳು ನನಗೆ ಕಡಿಮೆ ಸಿಗ್ತಿರೋದು ನಿಜವಾಗಿ ಕಡಿಮೆ ಇರೋದಕ್ಕಾ, ನನ್ನ ವಿಧಾನದ ತಪ್ಪಿಗಾ, ಹೇಗೆ ಬೇರ್ಪಡಿಸಬಹುದು?

ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ನಾಳೆ ಬೆಳಗ್ಗೆ ಡೈರಿಗೆ ಹಾಲು ಕೊಡೋಕೆ ಹೋಗುವಾಗ ಗುಡ್ಡದ ತಿರುವಿನಲ್ಲಿ ಸಿಗುತ್ತದೆ. ಅಲ್ಲಿಂದ ಕಳಿಸಬೇಕು. ಬರುವಾಗ ಅಂಗಡಿಯಲ್ಲಿ ಎರಡು ಕೆಜಿ ಮೈದಾ.