ಗಿಟಾರಿನ ತಂತಿ ಜುಮ್ಮೆಂದರೆ ನುಡಿಸಬೇಡಿ

ಮೈಸೂರಿನಲ್ಲಿ ನಾವು ಬಾಡಿಗೆಗೆ ಹಿಡಿದಿರುವುದು ಹಳೆಯ ಹೆಂಚಿನ ಮನೆ. ಗಾಳಿ, ಬೆಳಕು, ಹಿತ್ತಲು ಎಲ್ಲವೂ ಚೆನ್ನಾಗಿವೆ. ಆದರೆ ಎಲೆಕ್ಟ್ರಿಕ್ ಗಿಟಾರನ್ನು ಆಂಪಿಗೆ (ಸದ್ದು ಹೆಚ್ಚಿಸುವ ಆಂಪ್ಲಿಫೈಯರಿಗೆ) ಜೋಡಿಸಿದ ಕೂಡಲೇ ಕೋಣೆ ತುಂಬ ಗುಂಯ್ ಎನ್ನುವ ಸದ್ದು.

ಇಂಥ ಸದ್ದು ‘ಬಿ’ ಸ್ವರದ ಹತ್ತಿರ ಇರುತ್ತದೆ ಎಂದು ಇಂಟರ್ನೆಟ್ಟಿನಲ್ಲಿ ಬರೆದಿರುತ್ತಾರೆ. ಅದು ಅಮೆರಿಕದ 60 ಹರ್ಟ್ಸ್ ಕರೆಂಟಿನ ಲೆಕ್ಕ. ನಮ್ಮದು 50 ಹರ್ಟ್ಸ್, ಅದರ ಇಮ್ಮಡಿ (ಅದೇ ಸ್ವರದ ಒಂದು ಸ್ಥಾಯಿ ಮೇಲಿನದು) 100. ಆರನೇ, ಅಂದರೆ ಎಲ್ಲಕ್ಕಿಂತ ದಪ್ಪ ತಂತಿಯ ಮೂರನೇ ಫ್ರೆಟ್ಟಿನ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿಯ) ‘ಜಿ’ ಸ್ವರ 98 ಹರ್ಟ್ಸ್. ಅದನ್ನು ಮೀಟಿ, ಮನೆಯ ಗುಂಯ್ ಸದ್ದು ಅದಕ್ಕಿಂತ ತುಸು ಮೇಲಿದೆಯೇ ಎಂದು ಕೇಳಿ ನೋಡಿ. ಇದ್ದರೆ ಅದು ಕರೆಂಟಿನದೇ.

ಆಂಪಿನಿಂದ ಕೇಬಲ್ ಕಿತ್ತಾಗ ಸದ್ದು ನಿಂತಿತು. ಕೇಬಲ್ ಹಾಕಿ ಗಿಟಾರಿನ ವಾಲ್ಯೂಮನ್ನು ಸೊನ್ನೆಗೆ ಇಳಿಸಿದಾಗಲೂ ನಿಂತಿತು. ಹಾಗಾಗಿ ಸದ್ದು ಪಿಕಪ್‌ಗಳ, ಅಂದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗಗಳ, ಕಡೆಯಿಂದ ಬರುತ್ತಿತ್ತು. ನನ್ನ ಗಿಟಾರಿನದು ಮೂರು ಸಿಂಗಲ್ ಕಾಯಿಲ್ ಪಿಕಪ್. ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ತೆಳು ತಾಮ್ರದ ತಂತಿ. ಅದು ಗಿಟಾರಿನ ಕಂಪನವನ್ನು ಹಿಡಿದಂತೆ ಗೋಡೆಯ ವೈರಿಂಗನ್ನೂ ಹಿಡಿಯುತ್ತದೆ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಎರಡು ಕಾಯಿಲ್‌ಗಳನ್ನು ಎದುರುಬದುರಾಗಿ ಜೋಡಿಸಿ ಹಂಬಕರ್ ಎಂಬ ಗುಂಯ್ ಅಡಗಿಸುವ ಪಿಕಪ್ ರೂಪಿಸಿದ್ದು ಇದೇ ಕಾರಣಕ್ಕೆ. ಸಿಂಗಲ್ ಕಾಯಿಲ್ ಇದ್ದವರು ಕೂತಲ್ಲೇ ಗಿಟಾರನ್ನು ನಿಧಾನವಾಗಿ ತಿರುಗಿಸಿದರೆ ಯಾವುದೋ ಒಂದು ದಿಕ್ಕಿನಲ್ಲಿ ಗುಂಯ್ ತಗ್ಗುತ್ತದೆ.

ನಮ್ಮಲ್ಲಿ ಅದರ ಮೇಲೆ ಇನ್ನೊಂದು ಹರಿತವಾದ ‘ಝರ್’ ಇತ್ತು. ತಿರುಗಿಸಿದರೂ ಹೋಗದು. ಫ್ಯಾನನ್ನು ಮಧ್ಯದ ವೇಗಕ್ಕೆ ಇಟ್ಟಾಗ ಜೋರು, ಪೂರ್ತಿ ವೇಗಕ್ಕೆ ತಿರುಗಿಸಿದರೆ ಮಾಯ. ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಕರೆಂಟಿನ ಪ್ರತಿ ಅಲೆಯನ್ನೂ ನಡುವೆ ಕತ್ತರಿಸುತ್ತದೆ, ಆ ಕತ್ತರಿಕೆಯ ಸದ್ದೇ ಇದು. ಕೆಪಾಸಿಟರ್ ಇರುವ ಸ್ಟೆಪ್ ರೆಗ್ಯುಲೇಟರ್ ಹಾಕಿಸಿದ ಮೇಲೆ ಅದು ಪೂರಾ ಹೋಯಿತು.

ಈಗ ಮುಖ್ಯ ವಿಷಯ. ಸಾಮಾನ್ಯವಾಗಿ ತಂತಿ ಮುಟ್ಟಿದರೆ ಸದ್ದು ತಗ್ಗಬೇಕು. ಗಿಟಾರಿನ ಬ್ರಿಜ್ (ತಂತಿಗಳು ಕೂರುವ ಲೋಹದ ಭಾಗ), ಕೇಬಲ್, ಆಂಪಿನ ಲೋಹದ ಚಾಸಿ (ಒಳಚೌಕಟ್ಟು), ಅಲ್ಲಿಂದ ಪ್ಲಗ್ಗಿನ ದಪ್ಪ ಪಿನ್ ಮೂಲಕ ಭೂಮಿಗೆ ಒಂದು ದಾರಿ ಇರುತ್ತದೆ. ಮುಟ್ಟಿದಾಗ ನಮ್ಮ ಮೈಯೂ ಆ ದಾರಿಗೆ ಸೇರಿಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಸದ್ದು ತಗ್ಗುವುದರ ಬದಲು ಬೆರಳು ಜುಮ್ಮೆಂದಿತು. ಅಂಥ ಹೊತ್ತಿನಲ್ಲಿ ಮಾಡಬೇಕಾದುದು ಒಂದೇ: ಗೋಡೆಯ ಸ್ವಿಚ್ ಆರಿಸಿ ಗಿಟಾರನ್ನು ಕೆಳಗಿಡುವುದು.

ಮಲ್ಟಿಮೀಟರಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟಿನ ಆಸುಪಾಸು ಸರಿಯಾಗಿಯೇ ಬಂತು. ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ಆದರೆ ಮುಳ್ಳು ಹತ್ತಿದ ಮಗುವಿನಂತೆ ಅಂಕಿ ಒಂದು ಕಡೆ ನಿಲ್ಲಲೇ ಇಲ್ಲ. ಎಲೆಕ್ಟ್ರಿಷಿಯನ್ ಬೋರ್ಡ್ ಬಿಚ್ಚಿದಾಗ ಕಾರಣ ಕಣ್ಣೆದುರೇ ಇತ್ತು. ಸಾಕೆಟ್ಟಿನ ಮೇಲಿನ ತೂತಿನ ಹಿಂದೆ ವೈರೇ ಇರಲಿಲ್ಲ. ಎರಡು ವೈರಿನ ಕಾಲದ ಮನೆಗೆ ಯಾರೋ ಆಮೇಲೆ ಮೂರು ತೂತಿನ ಸಾಕೆಟ್ ಕೂರಿಸಿ ಹೋಗಿದ್ದರು. ಹೀಗಿರುವಾಗ ಆಂಪಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಚಾಸಿಗೆ ಸೋರುವ ಅಲ್ಪ ಕರೆಂಟಿಗೆ ಹೋಗಲು ದಾರಿಯಿಲ್ಲ. ಅದು ತಂತಿಯ ಮೂಲಕ ಕೈಗೆ ಬರುತ್ತದೆ.

“ನ್ಯೂಟ್ರಲ್‌ನಿಂದ ಅರ್ಥಿಗೆ ಒಂದು ತುಂಡು ವೈರ್ ಹಾಕಿಬಿಡುತ್ತೇನೆ ಸಾರ್, ಐದು ನಿಮಿಷದ ಕೆಲಸ,” ಎಂದರು ಅವರು. ನಾನು ಬೇಡವೆಂದೆ. ಇದನ್ನು ಯಾರು ಹೇಳಿದರೂ ನೀವೂ ಒಪ್ಪಬೇಡಿ. ಹಾಗೆ ಮಾಡಿದರೆ ಮೀಟರ್ ಸರಿಯಾದ ಅಂಕಿ ತೋರಿಸುತ್ತದೆ, ಗುಂಯ್ ಸದ್ದೂ ಇಳಿಯಬಹುದು. ಆದರೆ ಎಲ್ಲೋ ನ್ಯೂಟ್ರಲ್ ಕಡಿದ ದಿನ ಪೂರ್ತಿ 230 ವೋಲ್ಟ್ ಆಂಪಿನ ಚಾಸಿಗೂ ಗಿಟಾರಿನ ತಂತಿಗೂ ಬಂದು ನಿಲ್ಲುತ್ತದೆ. ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ 1972ರಲ್ಲಿ ವೇಲ್ಸ್‌ನ ಸ್ವಾನ್‌ಸಿಯಲ್ಲಿ ವೇದಿಕೆಯ ಮೇಲೆಯೇ ಮೈಕ್ ಮುಟ್ಟಿ ಕರೆಂಟ್ ಹೊಡೆದು ತೀರಿಕೊಂಡರು. ಅಲ್ಲಿಯೂ ಅರ್ಥಿಂಗ್ ಸರಿಯಿರಲಿಲ್ಲ.

ಮನೆಯ ಮಾಲೀಕರನ್ನು ಒಪ್ಪಿಸಿ ಸರಿಯಾದ ಕೆಲಸವನ್ನೇ ಮಾಡಿಸಿದೆವು. ಹಿತ್ತಲಿನ ಅರ್ಥ್ ಗುಂಡಿ ಒಣಗಿ ಹೋಗಿತ್ತು. ಅಗೆಸಿ ಹೊಸ ಪೈಪ್ ಇಳಿಸಿ, ಇದ್ದಿಲು ಉಪ್ಪು ತುಂಬಿ, ನೀರು ಹಾಕಿಸಿದೆವು. ಮೇನ್ ಬೋರ್ಡಿನಿಂದ ಕೋಣೆಯ ಸಾಕೆಟ್ಟಿನವರೆಗೆ ಹಸಿರು ವೈರ್ ಎಳೆಸಿ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಕೂಡ ಹಾಕಿಸಿದೆವು. ಈಗ ತಂತಿಯ ಮೇಲೆ ಕೈ ಇಟ್ಟರೆ ಸದ್ದು ತಟ್ಟನೆ ತಗ್ಗುತ್ತದೆ. ಉಳಿದಿರುವುದು ಸಿಂಗಲ್ ಕಾಯಿಲಿನ ಸಹಜ ಗುಂಯ್. ನಡುವಿನ ಪಿಕಪ್ಪನ್ನು ತಿರುವುಮುರುವಾಗಿ ಸುತ್ತಿರುವುದರಿಂದ, ಗಿಟಾರಿನ ಪಿಕಪ್ ಸ್ವಿಚ್ಚನ್ನು ಎರಡನೆಯ ಅಥವಾ ನಾಲ್ಕನೆಯ ಸ್ಥಾನಕ್ಕೆ ತಂದು ನಡುವಿನದರ ಜೊತೆ ಪಕ್ಕದ ಪಿಕಪ್ಪನ್ನು ಸೇರಿಸಿದರೆ ಅದೂ ಅಡಗುತ್ತದೆ.

ರೆಕಾರ್ಡಿಂಗಿಗೆ ಲ್ಯಾಪ್‌ಟಾಪ್ ಜೋಡಿಸಿದಾಗ ಮತ್ತೆ ಗುಂಯ್ ಬಂದರೆ ಚಾರ್ಜರ್ ಕಿತ್ತು ನೋಡಿ. ಆಗ ನಿಂತರೆ ಅದು ಗ್ರೌಂಡ್ ಲೂಪ್: ಎರಡು ಉಪಕರಣಗಳು ಬೇರೆ ಬೇರೆ ದಾರಿಯಲ್ಲಿ ಭೂಮಿಗೆ ಸೇರಿವೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ; ಸಾಲದಿದ್ದರೆ ಆಡಿಯೋ ಕೇಬಲ್ಲಿನ ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಸೇರಿಸಿ. ಪ್ಲಗ್ಗಿನ ದಪ್ಪ ಪಿನ್ನನ್ನು ಮಾತ್ರ ಕತ್ತರಿಸಬೇಡಿ.